ಹಾಡಿಗೆ ಅಂಕಿತ ಹಾಕಿ, ಆಮೇಲೆ ಹೊರಗೆ ಬಿಡಿ

ನಮ್ಮೂರು ಕುಂದಗೋಳ ತಾಲೂಕಿನ ಒಂದು ಹಳ್ಳಿ. 1994ರಲ್ಲಿ ಶ್ರಾವಣ ಮುಗಿದ ಮೇಲೆ ಅಪ್ಪ ಮತ್ತು ಅವರ ಭಜನಾ ಮೇಳದ ನಾಲ್ಕು ಜನ ಹುಬ್ಬಳ್ಳಿಗೆ ಹೋದರು. ಒಂದೇ ದಿನ ಎಂಟು ಪದ ಹಾಡಿ ಬಂದರು. ಕ್ಯಾಸೆಟ್ ಮಾಡಿದವರು ಐದೂ ಜನಕ್ಕೆ ಸೇರಿಸಿ 2,000 ರೂಪಾಯಿ ಕೊಟ್ಟರು, ಮಧ್ಯಾಹ್ನ ಊಟ ಹಾಕಿಸಿದರು. ಅಪ್ಪ ಒಂದು ಕಾಗದಕ್ಕೆ ಸಹಿ ಮಾಡಿದರು. ಅದರ ಪ್ರತಿ ನಮ್ಮ ಮನೆಯಲ್ಲಿ ಇಲ್ಲ. ಈಗ ಆ ಎಂಟೂ ಪದ ಯೂಟ್ಯೂಬಿನಲ್ಲಿವೆ. ಒಂದನ್ನು ಲಕ್ಷಾಂತರ ಸಲ ಕೇಳಿದ್ದಾರೆ. ಕೆಳಗೆ ‘ಭಕ್ತಿ ಪದಗಳು’ ಅಂತ ಬರೆದಿದೆ. ಹಾಡಿದವರ ಹೆಸರಿಲ್ಲ, ಮಟ್ಟು ಕಟ್ಟಿದವರ ಹೆಸರಿಲ್ಲ.

ನಾನು ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ಕೋಣೆ ನಡೆಸುತ್ತೇನೆ. ಹಾರ್ಮೋನಿಯಂ ನುಡಿಸುತ್ತೇನೆ, ಮಕ್ಕಳಿಗೆ ಕಲಿಸುತ್ತೇನೆ. ಕೋಣೆ ಶುರು ಮಾಡಿ 11 ವರ್ಷ ಆಯಿತು. ಗದಗ, ಹಾವೇರಿ, ನವಲಗುಂದ ಕಡೆಯಿಂದ ಹಾಡುವವರು ಬರುತ್ತಾರೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ‘ಅಕ್ಕಾರ, ಯಾವ ಮೈಕ್ ತಗೊಳ್ಳೂಣ್ರಿ?’ ನಾನು ಮೈಕಿನ ಮಾತು ಆಮೇಲೆ ಆಡುತ್ತೇನೆ. ಮೊದಲು ಒಂದು ಹಾಳೆ ಮತ್ತು ಪೆನ್ನು ಕೊಡುತ್ತೇನೆ.

ಹಾಡು ಯಾರದು ಅಂತ ಗುರುತು ಹಾಕಿಡಬೇಕು ಅನ್ನುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಶರೀಫಜ್ಜನ ಪದದ ಕೊನೆಗೆ ಶಿಶುನಾಳಧೀಶ ಬರುತ್ತಾನೆ. ಬಾಡದ ಕನಕದಾಸರ ಕೀರ್ತನೆಯಲ್ಲಿ ಕಾಗಿನೆಲೆಯಾದಿಕೇಶವ ಬರುತ್ತಾನೆ. ಈ ಅಂಕಿತ, ಅಂದರೆ ಪದದೊಳಗಿನ ಗುರುತಿನ ಹೆಸರು, ಇರುವುದು ದೇವರ ಹೆಸರಲ್ಲಿ, ನಿಜ. ಆದರೆ ಪದ ಯಾರ ಬಾಯಿಗೆ ಹೋದರೂ ಅದು ಯಾರದು ಅಂತ ಅದೇ ಹೇಳುತ್ತದೆ. ಹಾಡಿನ ಹೊಟ್ಟೆಯೊಳಗೇ ಹೆಸರು ಇಟ್ಟರೆ ಕೀಳಲು ಆಗುವುದಿಲ್ಲ. ಈಗಿನ ಹಾಡಿಗೂ ಅಂಥದ್ದೇ ಅಂಕಿತ ಬೇಕು. ಅದನ್ನು ಹೇಗೆ ಹಾಕುವುದು ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಲೆಗೆ ಹೋಗಬೇಕು. ನೀವು ಒಂದು ಹಾಡು ಮಾಡಿದರೆ ಕಾನೂನಿನ ಕಣ್ಣಿಗೆ ಅಲ್ಲಿ ಬೇರೆ ಬೇರೆ ಆಸ್ತಿಗಳಿವೆ. ಸಾಹಿತ್ಯ ಒಂದು, ಮಟ್ಟು ಒಂದು. ಅವನ್ನು ಹಾಡಿ ಹಿಡಿದಿಟ್ಟ ರೆಕಾರ್ಡಿಂಗ್ ಇನ್ನೊಂದು. ಬರೆದವರು, ಮಟ್ಟು ಕಟ್ಟಿದವರು, ರೆಕಾರ್ಡಿಂಗಿಗೆ ದುಡ್ಡು ಹಾಕಿದವರು ಮೂರು ಬೇರೆ ಮಂದಿ ಆಗಿರಬಹುದು. ಹಾಡಿದವರಿಗೆ, ನುಡಿಸಿದವರಿಗೆ ಕಲಾವಿದರ ಹಕ್ಕು ಅಂತ ಬೇರೆಯೇ ಇದೆ. ಪ್ರತಿಯೊಂದರ ದುಡ್ಡೂ ಬೇರೆ ದಾರಿಯಲ್ಲಿ ಬರುತ್ತದೆ. ಇದು ತಿಳಿಯದೆ ಬಹಳ ಜನ ಒಂದೇ ದಾರಿ ನೋಡುತ್ತಾ ಕೂತುಬಿಡುತ್ತಾರೆ.

ಈಗ ಆ ಹಾಳೆ. ನಾನು ಅದನ್ನು ಪಾಲಿನ ಚೀಟಿ ಅಂತ ಕರೆಯುತ್ತೇನೆ. ನಮ್ಮ ಕಡೆ ಹೊಲ ಪಾಲಿಗೆ ಹಚ್ಚುವಾಗ ಬಿತ್ತುವ ಮೊದಲೇ ಮಾತಾಡಿಕೊಳ್ಳುತ್ತಾರೆ. ಬೀಜ ಯಾರದು, ಗೊಬ್ಬರ ಯಾರದು, ಬೆಳೆಯಲ್ಲಿ ಯಾರಿಗೆಷ್ಟು. ರಾಶಿ ಮಾಡುವ ಹೊತ್ತಿಗೆ ಮಾತು ತೆಗೆದರೆ ಜಗಳವೇ. ಹಾಡಿಗೂ ಹಾಗೇ. ರೆಕಾರ್ಡಿಂಗ್ ದಿನ ಎಲ್ಲರೂ ಖುಷಿಯಲ್ಲಿರುತ್ತಾರೆ, ಚಹಾ ಕುಡಿಯುತ್ತಿರುತ್ತಾರೆ. ಬರೆಯಲಿಕ್ಕೆ ಅದೇ ಸರಿಯಾದ ಹೊತ್ತು.

ಚೀಟಿಯಲ್ಲಿ ಹಾಡಿನ ಹೆಸರು, ತಾರೀಖು, ಸಾಹಿತ್ಯ ಯಾರದು, ಮಟ್ಟು ಯಾರದು ಅಂತ ಬರೆಯಿರಿ. ಇಬ್ಬರು ಸೇರಿ ಕಟ್ಟಿದ್ದರೆ ಶೇಕಡಾ ಎಷ್ಟೆಷ್ಟು ಅಂತ ಅಂಕಿಯಲ್ಲಿ ಹಾಕಿ. ಯಾರು ಹಾಡಿದರು, ಯಾರು ತಬಲಾ, ಯಾರು ಕೀಬೋರ್ಡ್, ಯಾರು ಪ್ಯಾಡ್. ಖರ್ಚು ಯಾರು ಹಾಕಿದರು, ರೆಕಾರ್ಡಿಂಗ್ ಯಾರ ಹೆಸರಿಗೆ. ಮ್ಯೂಸಿಕ್ ಮಾಡಿಕೊಟ್ಟವರಿಗೆ ಒಮ್ಮೆಲೇ ದುಡ್ಡು ಕೊಟ್ಟು ಮುಗಿಸಿದ್ದೀರಾ, ಪಾಲು ಕೊಡುತ್ತೀರಾ? ಅದನ್ನು ಖಂಡಿತ ಬರೆಯಿರಿ. ನನ್ನ ಕೋಣೆಯಲ್ಲಿ ಆದ ನಾಲ್ಕು ಜಗಳಗಳಲ್ಲಿ ಮೂರು ಇದೇ ಒಂದು ಸಾಲು ಬರೆಯದೆ ಆದದ್ದು. ಎಲ್ಲರೂ ಸಹಿ ಮಾಡಲಿ. ಫೋಟೋ ತೆಗೆದು ಎಲ್ಲರಿಗೂ ವಾಟ್ಸಾಪ್ ಮಾಡಿ, ಮೂಲ ಹಾಳೆ ಫೈಲಿನಲ್ಲಿ ಇಡಿ. ಹತ್ತು ನಿಮಿಷದ ಕೆಲಸ. ‘ನಮ್ಮ ನಮ್ಮೊಳಗ ಏನ್ ಬರಿಯೂದ್ರಿ’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ನಮ್ಮವರೊಳಗೇ ಮೊದಲು ಬರೆಯಬೇಕು. ಗೆಳೆತನ ಉಳಿಯಲಿ ಅಂತಲೇ ಬರೆಯುವುದು.

ಇನ್ನು ಯಾವ ಹಾಡು ಹಾಡಬಹುದು ಅನ್ನುವುದು. ಇಲ್ಲಿ ನಮ್ಮ ಭಾಗದವರು ಜಾಸ್ತಿ ಎಡವುತ್ತಾರೆ. ಶಿಗ್ಗಾವಿ ಕಡೆಯ ಒಬ್ಬ ಹುಡುಗ ಶರೀಫರ ಪದ ಹಾಡಿ ಯೂಟ್ಯೂಬಿಗೆ ಹಾಕಿದ. ಎರಡೇ ದಿನಕ್ಕೆ ‘ಇದರ ಹಕ್ಕು ನಮ್ಮದು’ ಅಂತ ಬೇರೆಯವರ ಕ್ಲೇಮ್ ಬಂತು. ಗಾಬರಿಯಾಗಿ ಓಡಿ ಬಂದ. ‘ಶರೀಫಜ್ಜನ ಪದ ನಮ್ಮೂರ ಪದ ಅಲ್ರೀ ಅಕ್ಕಾರ, ಅದಕ್ಕ ಯಾರ ಹಕ್ಕು?’ ಅಂದ. ಅವನ ಮಾತು ಅರ್ಧ ಸರಿ. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ಸಾಹಿತ್ಯ ಎಲ್ಲರದು. ಆದರೆ ಹುಡುಗ ಹಾಡಿದ ಮಟ್ಟು ಶರೀಫರ ಕಾಲದ್ದಲ್ಲ, ಕ್ಯಾಸೆಟ್ ಕಾಲದಲ್ಲಿ ಒಬ್ಬ ಸಂಗೀತ ನಿರ್ದೇಶಕರು ಕಟ್ಟಿದ್ದು. ಆ ಮಟ್ಟಿನ ಹಕ್ಕುದಾರರು ಬೇರೆ ಇದ್ದಾರೆ. ನಾನು ಅವನಿಗೆ ಒಂದೇ ಮಾತು ಕೇಳಿದೆ: ‘ನಿಮ್ಮ ಊರ ಗುಡಿಯೊಳಗ ಈ ಪದ ಹ್ಯಾಂಗ ಹಾಡ್ತಾರಪ್ಪ?’ ಅವನ ಅಜ್ಜಿಗೆ ಬೇರೆಯೇ ಧಾಟಿ ಬರುತ್ತಿತ್ತು. ನಿಧಾನ, ದಮ್ಮಡಿಯ ಬಡಿತಕ್ಕೆ ಕೂಡುವಂಥದ್ದು. ಅದನ್ನು ಕಲಿತು ಬಂದು ಹಾಡಿದ. ಮೊದಲ ಹಾಡಿಗಿಂತ ಎಷ್ಟೋ ಚೆನ್ನಾಗಿ ಬಂತು. ಆ ಹಾಡು ಈಗ ಅವನ ಗುರುತು.

ನಮ್ಮ ದೇಶದ ಲೆಕ್ಕ ಹೀಗಿದೆ. ಬರೆದವರು, ಮಟ್ಟು ಕಟ್ಟಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅವರ ಕೃತಿಗೆ ಹಕ್ಕು ಇರುತ್ತದೆ. ಬೇಂದ್ರೆ ಅಜ್ಜ ತೀರಿಕೊಂಡದ್ದು 1981ರಲ್ಲಿ. ಹಾಗಾಗಿ ಸಾಧನಕೇರಿ ನಮ್ಮ ಪಕ್ಕದಲ್ಲೇ ಇದ್ದರೂ ಅವರ ಕವಿತೆಗೆ ಮಟ್ಟು ಹಾಕಿ ಬಿಡುಗಡೆ ಮಾಡಲು 2041 ಮುಗಿಯುವವರೆಗೆ ಅನುಮತಿ ಬೇಕು. ವಚನ, ಕೀರ್ತನೆ, ಸರ್ವಜ್ಞನ ತ್ರಿಪದಿಗಳ ಸಾಹಿತ್ಯಕ್ಕೆ ಅನುಮತಿ ಬೇಡ. ಸ್ವಂತ ಮಟ್ಟು ಕಟ್ಟಿದರೆ ಆ ಮಟ್ಟು ನಿಮ್ಮದೇ. ಸೋಬಾನೆ, ಬೀಸುವ ಪದ, ಡೊಳ್ಳಿನ ಪದ ಹಾಡಿದರೆ ಸಾಹಿತ್ಯದ ಜಾಗದಲ್ಲಿ ‘ಜನಪದ’ ಅಂತ ಬರೆಯಿರಿ. ನಿಮ್ಮ ಹೆಸರು ಹಾಕಿಕೊಳ್ಳಬೇಡಿ. ಯಾರಿಂದ ಕಲಿತಿರೋ ಅವರ ಹೆಸರು ಮತ್ತು ಊರು ವಿವರಣೆಯಲ್ಲಿ ಇರಲಿ. ಅವರ ಬಾಯಿಂದ ಬರದಿದ್ದರೆ ನಿಮಗೆ ಆ ಪದ ಎಲ್ಲಿ ಸಿಗುತ್ತಿತ್ತು?

ಮೈಕಿನ ವಿಷಯಕ್ಕೆ ಬರೋಣ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೋ ಇಂಟರ್ಫೇಸ್, ಒಂದು ಕಂಡೆನ್ಸರ್ ಮೈಕ್, ಕಿವಿ ಪೂರಾ ಮುಚ್ಚುವ ಹೆಡ್‌ಫೋನ್. ನಾನು ಶುರು ಮಾಡಿದಾಗ ಇಷ್ಟಕ್ಕೂ ಸೇರಿ 25,000 ರೂಪಾಯಿ ದಾಟಲಿಲ್ಲ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಬೇಕು, ಇಂಟರ್ಫೇಸಿನಲ್ಲಿ ಆ ಬಟನ್ ಇರುತ್ತದೆ. ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಉಚಿತ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಹಿಡಿಯಿರಿ. ದನಿ ಎಷ್ಟೇ ಏರಿದರೂ ಮೀಟರ್ ಮೈನಸ್ 6 ಡಿಬಿ ದಾಟದಂತೆ ಇಟ್ಟುಕೊಳ್ಳಿ. ಒಮ್ಮೆ ಒಡೆದ ದನಿಯನ್ನು ಆಮೇಲೆ ಕೂಡಿಸಲು ಆಗುವುದಿಲ್ಲ.

ದುಬಾರಿ ಮೈಕಿಗಿಂತ ಕೋಣೆ ಮುಖ್ಯ. ನನ್ನ ಕೋಣೆಯ ಗೋಡೆಗೆ ಅವ್ವನ ಹಳೆಯ ಕೌದಿಗಳನ್ನು ಹಾಕಿದ್ದೇನೆ, ಆರು ಕೌದಿ. ಗೋಡೆಗೆ ಒತ್ತಿ ಹೊಡೆಯದೆ ನಾಲ್ಕು ಬೆರಳು ಮುಂದೆ ತೂಗುಬಿಟ್ಟಿದ್ದೇನೆ. ಹಾಗೆ ಬಿಟ್ಟರೆ ದನಿಯನ್ನು ಇನ್ನೂ ಚೆನ್ನಾಗಿ ಕುಡಿಯುತ್ತವೆ. ಪದರ ಪದರವಾಗಿ ಹೊಲಿದ ಕೌದಿ ಅಂಗಡಿಯ ತೆಳು ಫೋಮಿಗಿಂತ ಉತ್ತಮ ಅಂತ ನನ್ನ ಅನುಭವ. ಫ್ಯಾನ್ ಬಂದ್ ಮಾಡಿ. ಹಗಲಿನಲ್ಲಿ ಟಂಟಂ, ಬಸ್ಸು, ಕುಕ್ಕರ್ ಸೀಟಿ. ಆದ್ದರಿಂದ ರಾತ್ರಿ 10ರ ಮೇಲೆ ಅಥವಾ ಬೆಳಿಗ್ಗೆ 5ಕ್ಕೆ ಕೂಡಿರಿ. ಇನ್ನೊಂದು: ಹಳೆಯ ಹಾರ್ಮೋನಿಯಂಗಳ ಸುರ ಕೀಬೋರ್ಡಿನ ಸುರಕ್ಕೆ ಪೂರ್ತಿ ಕೂಡದೇ ಇರಬಹುದು, ಒಂದು ಕೂದಲೆಳೆ ಏರು ಇಲ್ಲವೇ ಇಳಿ. ಮೊದಲು ಹಾರ್ಮೋನಿಯಂಗೆ ತಂಬೂರಿ ಆ್ಯಪ್ ಕೂಡಿಸಿ, ಕೀಬೋರ್ಡನ್ನೂ ಅದಕ್ಕೇ ಇಳಿಸಿ ಅಥವಾ ಏರಿಸಿ. ಎಲ್ಲ ರೆಕಾರ್ಡ್ ಆದ ಮೇಲೆ ಗೊತ್ತಾದರೆ ಇಡೀ ರಾತ್ರಿಯ ಕೆಲಸ ಹೋಗುತ್ತದೆ.

ಹಾಡನ್ನು ಸುಮ್ನೆ ಜೋರು ಮಾಡಬೇಡಿ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಅನ್ನುವ ಒಂದೇ ಜೋರಿನ ಮಟ್ಟಕ್ಕೆ ತಂದು ಕೇಳಿಸುತ್ತದೆ. ನೀವು ಒತ್ತಿ ಒತ್ತಿ ಜೋರು ಮಾಡಿದ್ದನ್ನು ಅದು ಇಳಿಸುತ್ತದೆ. ತಬಲಾದ ಪೆಟ್ಟು ಚಪ್ಪಟೆಯಾದದ್ದು ಮಾತ್ರ ಹಾಗೇ ಉಳಿಯುತ್ತದೆ.

ಬಿಡುಗಡೆಗೆ ಡಿಸ್ಟ್ರಿಬ್ಯೂಟರ್ ಬೇಕು. ಅವರ ಮೂಲಕವೇ ಹಾಡು ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್, ಇನ್‌ಸ್ಟಾಗ್ರಾಂ ಎಲ್ಲ ಕಡೆ ಹೋಗುತ್ತದೆ. ಕೆಲವರು ವರ್ಷಕ್ಕೆ ಇಂತಿಷ್ಟು ತೆಗೆದುಕೊಳ್ಳುತ್ತಾರೆ, ಕೆಲವರು ಗಳಿಕೆಯಲ್ಲಿ ಪಾಲು ಕೇಳುತ್ತಾರೆ. ವರ್ಷದ ದುಡ್ಡು ಕಟ್ಟುವುದು ನಿಲ್ಲಿಸಿದರೆ ಹಾಡು ಇಳಿಸುತ್ತಾರಾ ಅಂತ ಮೊದಲೇ ಓದಿಕೊಳ್ಳಿ. ವೇವ್ ಫೈಲ್ ಕೊಡಿ, ಎಂಪಿ3 ಬೇಡ. ಮುಖಚಿತ್ರ 3000 × 3000 ಪಿಕ್ಸೆಲ್, ಚೌಕ.

ಈಗ ಅಂಕಿತದ ಜಾಗ. ಡಿಸ್ಟ್ರಿಬ್ಯೂಟರ್ ಒಂದು ಫಾರಂ ಕೊಡುತ್ತಾರೆ. ಹಾಡಿದವರು, ಸಾಹಿತ್ಯ, ಸಂಗೀತ, ನುಡಿಸಿದವರು, ಭಾಷೆ, ವರ್ಷ. ಹಾಡು ಬಿಡುವ ಆತುರದಲ್ಲಿ ಇದನ್ನು ಅರ್ಧಕ್ಕೆ ಬಿಡುವವರೇ ಬಹಳ. ಪಾಲಿನ ಚೀಟಿ ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ಕಾಲಂ ತುಂಬಿರಿ. ಭಾಷೆ ಕನ್ನಡ ಅಂತಲೇ ಆಯ್ಕೆ ಮಾಡಿ. ನಿಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳು ಎಲ್ಲ ಹಾಡಿನಲ್ಲೂ ಒಂದೇ ಇರಲಿ. ಒಂದು ಕಡೆ ಊರಿನ ಹೆಸರು ಸೇರಿಸಿ, ಇನ್ನೊಂದು ಕಡೆ ಬಿಟ್ಟು, ಮತ್ತೊಂದು ಕಡೆ ಒಂದು ಅಕ್ಷರ ಜಾಸ್ತಿ ಹಾಕಿದರೆ ಕಂಪ್ಯೂಟರಿಗೆ ನೀವು ಮೂರು ಮಂದಿ. ಕೇಳುವವರೂ ಮೂರು ಕಡೆ ಹಂಚಿಹೋಗುತ್ತಾರೆ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಗ್ರಾಮೊಫೋನ್ ರೆಕಾರ್ಡುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವರ ದನಿ ಅಂಥದ್ದು, ಹೆಸರು ಬದಲಾದರೂ ಜನ ಗುರುತು ಹಿಡಿದರು. ನಾವು ಇವತ್ತು ಹಾಗೆ ನಂಬಿ ಕೂಡುವಂತಿಲ್ಲ, ಅಲ್ವಾ?

ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ ಮತ್ತು ಅಂಕಿಗಳ ಸಂಕೇತ ಸಿಗುತ್ತದೆ. ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರೇ ಕೊಡುತ್ತಾರೆ. ಅದನ್ನು ಪಾಲಿನ ಚೀಟಿಯ ಮೇಲೆ ಬರೆದಿಡಿ. ನಾಳೆ ಬೇರೆ ಡಿಸ್ಟ್ರಿಬ್ಯೂಟರ್ ಹತ್ತಿರ ಹೋದರೂ ಅದೇ ಸಂಕೇತ ಕೊಡಬೇಕು. ಹೊಸದು ಹಾಕಿದರೆ ಹಳೆಯ ಕೇಳುಗರ ಲೆಕ್ಕ ಕೈಬಿಟ್ಟು ಹೋಗಬಹುದು.

ಬಿಡುಗಡೆಯ ತಾರೀಖನ್ನು ನಾಲ್ಕು ವಾರ ಮುಂದೆ ಇಟ್ಟುಕೊಳ್ಳಿ. ಸ್ಪಾಟಿಫೈನವರ ಪ್ಲೇಲಿಸ್ಟಿಗೆ ಹಾಡು ಕಳಿಸಲು ಕನಿಷ್ಠ 7 ದಿನ ಮೊದಲು ಅರ್ಜಿ ಹಾಕಬೇಕು. ರೀಲ್ಸಿನಲ್ಲಿ ಹಾಡು ಎಲ್ಲಿಂದ ಕೇಳಿಸಬೇಕು ಅಂತ ಆರಿಸಲು ಕೆಲವು ಡಿಸ್ಟ್ರಿಬ್ಯೂಟರ್ ಅವಕಾಶ ಕೊಡುತ್ತಾರೆ. ಆಲಾಪದಿಂದ ಬೇಡ, ಪಲ್ಲವಿಯಿಂದ ಇಡಿ. ಆ್ಯಪಿನ ತಂಬೂರಿ, ಉಚಿತವಾಗಿ ಸಿಗುವ ಲೂಪು ಬಳಸಿದ್ದರೆ ಯೂಟ್ಯೂಬ್ ತಾನೇ ಹಾಡು ಗುರುತಿಸಿ ಕ್ಲೇಮ್ ಹಾಕುವ ಕಾಂಟೆಂಟ್ ಐಡಿ ಹಚ್ಚಬೇಡಿ. ಅದೇ ಲೂಪು ಬಳಸಿದ ಇನ್ನೊಬ್ಬರ ಹಾಡಿಗೆ ನಿಮ್ಮ ಹೆಸರಲ್ಲಿ ಕ್ಲೇಮ್ ಹೋಗುತ್ತದೆ.

ದುಡ್ಡಿನ ಮಾತು. ಡಿಸ್ಟ್ರಿಬ್ಯೂಟರ್ ಕೊಡುವುದು ರೆಕಾರ್ಡಿಂಗಿನ ದುಡ್ಡು ಮಾತ್ರ. ಸಾಹಿತ್ಯ ಮತ್ತು ಮಟ್ಟಿನ ರಾಯಲ್ಟಿ ಬೇಕಾದರೆ ಐಪಿಆರ್‌ಎಸ್ ಸದಸ್ಯರಾಗಬೇಕು. ಹಾಡು ಬಳಸಿದವರಿಂದ ದುಡ್ಡು ವಸೂಲಿ ಮಾಡಿ ಬರೆದವರಿಗೆ, ಮಟ್ಟು ಕಟ್ಟಿದವರಿಗೆ ಹಂಚುವ, 1969ರಿಂದ ಇರುವ ಸಂಸ್ಥೆ, ಕಚೇರಿ ಮುಂಬೈಯಲ್ಲಿದೆ. ಅರ್ಜಿ ಆನ್‌ಲೈನಿನಲ್ಲೇ. ಪ್ಯಾನ್ ಕಾರ್ಡ್, ಬ್ಯಾಂಕ್ ವಿವರ, ನಿಮ್ಮ ಕೃತಿಗಳ ಪಟ್ಟಿ ರೆಡಿ ಇಟ್ಟುಕೊಳ್ಳಿ. ಸದಸ್ಯರಾದರೆ ಸಾಲದು, ಪ್ರತಿ ಹಾಡನ್ನೂ ಪಾಲಿನ ಸಮೇತ ದಾಖಲಿಸಬೇಕು. ಹಾಡುವವರಿಗೆ, ನುಡಿಸುವವರಿಗೆ ಇಸಾಮ್ರಾ ಅನ್ನುವ ಬೇರೆ ಸಂಸ್ಥೆ ಇದೆ. ಬರೆದು, ಮಟ್ಟು ಕಟ್ಟಿ, ಹಾಡುವವರೂ ನೀವೇ ಆದರೆ ಎರಡೂ ಕಡೆ ಸೇರಿ.

ಎಷ್ಟು ಬರುತ್ತದೆ? ಮೊದಲ ವರ್ಷ ನನಗೆ ಸ್ಟ್ರೀಮಿಂಗಿನಿಂದ ಬಂದದ್ದು 1,140 ರೂಪಾಯಿ. ಸ್ಪಾಟಿಫೈಯಲ್ಲಿ 2024ರಿಂದ ಒಂದು ಹಾಡನ್ನು 12 ತಿಂಗಳಲ್ಲಿ 1,000 ಸಲ ಕೇಳಿದ್ದರೆ ಮಾತ್ರ ರೆಕಾರ್ಡಿಂಗಿನ ದುಡ್ಡು ಲೆಕ್ಕಕ್ಕೆ ಬರುತ್ತದೆ. ಯೂಟ್ಯೂಬ್ ಜಾಹೀರಾತಿನ ಪಾಲಿಗೆ 1,000 ಚಂದಾದಾರರು ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆ ನೋಡಿದ ಲೆಕ್ಕ ಬೇಕು (ಶಾರ್ಟ್ಸಿನ ಲೆಕ್ಕ ಬೇರೆ). ಇದನ್ನು ಕೇಳಿ ಎದೆಗುಂದಬೇಡಿ. ನನ್ನ ಮನೆ ನಡೆಯುವುದು ಪಾಠ, ಹಾಡುವವರಿಗೆ ಸಾಥ್ ನುಡಿಸುವುದು, ಕೋಣೆಯ ಬಾಡಿಗೆ, ಕಾರ್ಯಕ್ರಮ ಇವುಗಳಿಂದ. ಸ್ಟ್ರೀಮಿಂಗ್ ದುಡ್ಡು ಕೊನೆಗೆ ಬರುತ್ತದೆ. ಆದರೆ ಕಾರ್ಯಕ್ರಮಕ್ಕೆ ಕರೆಯುವವರು ಮೊದಲು ಫೋನಿನಲ್ಲಿ ನನ್ನ ಹಾಡು ಹುಡುಕಿ ಕೇಳಿಯೇ ಕರೆಯುತ್ತಾರೆ. ಹೆಸರು ಸರಿಯಾಗಿ ಇಲ್ಲದಿದ್ದರೆ ಹುಡುಕುವುದು ಹೇಗೆ?

ಹೊಸ ದಾರಿ ಹಿಡಿದು ಹಳೆಯದನ್ನು ಬಿಡಬೇಡಿ. ಧಾರವಾಡ ಆಕಾಶವಾಣಿ 1950ರ ಜನವರಿ 8ರಿಂದ ನಡೆಯುತ್ತಿದೆ. ಅಲ್ಲಿ ಆಡಿಶನ್ ಕೊಡಿ. ಬಿ, ಬಿ-ಹೈ, ಎ, ಟಾಪ್ ಅಂತ ಗ್ರೇಡ್ ಇವೆ. ನನಗೆ ಸುಗಮ ಸಂಗೀತದಲ್ಲಿ ಬಿ ಗ್ರೇಡ್ ಇದೆ. ಅದೊಂದು ಸಾಲು ನನಗೆ ಎಷ್ಟೋ ವೇದಿಕೆಗಳ ಬಾಗಿಲು ತೆಗೆದಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಕಾರ್ಯಕ್ರಮಗಳ ಅರ್ಜಿ ವಿಚಾರಿಸಿ. ಜಾತ್ರೆಯ ರಸಮಂಜರಿ, ಗಣೇಶ ಹಬ್ಬದ ವೇದಿಕೆ, ಮದುವೆ ಮನೆ ಒಪ್ಪಿಕೊಳ್ಳುವಾಗ ತಾರೀಖು, ಹೊತ್ತು, ಎಷ್ಟು ಜನ, ಸೌಂಡ್ ಯಾರದು, ಗಾಡಿ ಬಾಡಿಗೆ, ಅಡ್ವಾನ್ಸ್ ಎಲ್ಲ ಒಂದೇ ವಾಟ್ಸಾಪ್ ಮೆಸೇಜಿನಲ್ಲಿ ಬರೆದು ‘ಹೌದು’ ಅನ್ನಿಸಿಕೊಳ್ಳಿ. ಸಾಥಿದಾರರ ದುಡ್ಡು ಅದೇ ರಾತ್ರಿ ಕೊಡಿ.

ಕಂಪನಿಯವರು ಕಾಗದ ಕೊಟ್ಟರೆ ಅಲ್ಲೇ ಸಹಿ ಬೇಡ. ಮನೆಗೆ ತನ್ನಿ, ಎರಡು ದಿನ ಇಟ್ಟುಕೊಂಡು ಓದಿ, ಗೊತ್ತಿರುವ ವಕೀಲರಿಗೆ ತೋರಿಸಿ. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ದೇಶಗಳಿಗೆ, ಎಷ್ಟು ದುಡ್ಡು ಅನ್ನುವ ಐದು ಮಾತು ಅದರಲ್ಲಿ ಹುಡುಕಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 19ರ ಪ್ರಕಾರ ಹಕ್ಕು ಕೊಡುವುದು ಬರವಣಿಗೆಯಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಅರ್ಥ. 2012ರಲ್ಲಿ ಕಾಯ್ದೆ ತಿದ್ದಿದ ಮೇಲೆ ಬರೆದವರ, ಮಟ್ಟು ಕಟ್ಟಿದವರ ರಾಯಲ್ಟಿಯ ಸಮಪಾಲನ್ನು ಕಂಪನಿ ಬರೆಸಿಕೊಳ್ಳುವಂತಿಲ್ಲ. ‘ಶಾಶ್ವತವಾಗಿ’ ಅನ್ನುವ ಪದ ಕಂಡರೆ ಅದರ ಕೆಳಗೆ ಗೆರೆ ಎಳೆದು ಕೇಳಿ. ಸಹಿಯಾದ ಪ್ರತಿ ಕೈಗೆ ಬರುವವರೆಗೆ ಅಲ್ಲಿಂದ ಏಳಬೇಡಿ.

ಅಪ್ಪನಿಗೆ ಈಗ 71. ಆ ಎಂಟು ಪದಗಳನ್ನು ನಾನು ಮುಟ್ಟಿಲ್ಲ. ಕಾಗದದಲ್ಲಿ ಏನಿತ್ತೋ ಗೊತ್ತಿಲ್ಲದೆ ಮುಟ್ಟುವುದು ಸರಿಯಲ್ಲ. ಆದರೆ ಕ್ಯಾಸೆಟ್ಟಿಗೆ ಹೋಗದ ಇಪ್ಪತ್ತಕ್ಕೂ ಹೆಚ್ಚು ಪದ ಅವರ ಬಾಯಲ್ಲಿವೆ. ಹೋದ ದೀಪಾವಳಿಯಿಂದ ಒಂದೊಂದೇ ಹಿಡಿಯುತ್ತಿದ್ದೇನೆ. ಪ್ರತಿ ಪದಕ್ಕೂ ಪಾಲಿನ ಚೀಟಿ ಬರೆಯುತ್ತೇವೆ. ನಾಲ್ಕನೆಯ ಪದಕ್ಕೆ ಬಂದಾಗ ಅಪ್ಪ ಪೆನ್ನು ಇಟ್ಟುಬಿಟ್ಟರು. ‘ಇದು ನನ್ನೊಬ್ಬಂದಲ್ಲವ. ಪಲ್ಲವಿ ನಂದು, ನುಡಿ ಎಲ್ಲಾ ನಿಮ್ಮ ಕಾಕಾಂದು’ ಅಂದರು. ಕಾಕಾ ಅಂದರೆ ಮೇಳದಲ್ಲಿ ತಬಲಾ ನುಡಿಸುತ್ತಿದ್ದ ಅವರ ಗೆಳೆಯರು. 2015ರಲ್ಲಿ ತೀರಿಕೊಂಡರು. ಅವರ ಸಾಹಿತ್ಯದ ಹಕ್ಕು 2075ರ ಕೊನೆಯವರೆಗೆ ಅವರ ಮನೆಯವರದು. ಸಾಹಿತ್ಯದ ಕಾಲಂನಲ್ಲಿ ಇಬ್ಬರ ಹೆಸರೂ ಬರೆದಿದ್ದೇನೆ. ಶೇಕಡಾ ಎಷ್ಟು ಅನ್ನುವುದನ್ನು ಖಾಲಿ ಬಿಟ್ಟಿದ್ದೇನೆ. ಸೋಮವಾರ ಊರಿಗೆ ಹೋಗಿ ಕಾಕಾನ ಹೆಂಡತಿ ಕಾಕೂನ ಮುಂದೆ ಕೂತು ತುಂಬುತ್ತೇವೆ. ಹಾರ್ಮೋನಿಯಂ ಪೆಟಗಿಯನ್ನೂ ಗಾಡಿಯಲ್ಲಿ ಇಟ್ಟುಕೋ, ಆಕೆಗೆ ಆ ಪದ ಹಾಡಿ ಕೇಳಿಸಬೇಕು ಅಂತ ಅಪ್ಪ ಎರಡು ಸಲ ಫೋನ್ ಮಾಡಿದ್ದಾರೆ.